ಚರ್ಮದ ಹೊಳಪಿನಲ್ಲಿ ಸಕ್ಕರೆಯ ಜಾತಕ

ನೋಟು ಪರೀಕ್ಷಿಸಲು ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ದೀಪವೊಂದನ್ನು ಗಣೇಶಗುಡಿಯ ನಮ್ಮ ಶಾಲೆಗೆ ಒಮ್ಮೆ ಒಯ್ದಿದ್ದೆ. ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು ದೀಪ ಹೊತ್ತಿಸಿದೊಡನೆ ಮಕ್ಕಳ ಬಿಳಿ ಅಂಗಿಗಳು ನೀಲಿಯಾಗಿ ಬೆಳಗಿದವು. ಸ್ಪಿರಿಟ್‌ನಲ್ಲಿ ನೆನೆಸಿಟ್ಟ ಹಸಿರೆಲೆಯ ರಸ ಕೆಂಪಗೆ ಮಿನುಗಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ನಮ್ಮ ಮೈಯೂ ಹೀಗೆ ಹೊಳೆಯುತ್ತದೆಯೇ?"

ಹೊಳೆಯುತ್ತದೆ! ಹಲ್ಲು, ಉಗುರುಗಳಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಚರ್ಮದ ಹೊಳಪು ಮಾತ್ರ ತೀರ ಮಂದ. ಅಳೆಯಲು ಉಪಕರಣ ಬೇಕು. ಆ ಮಂದ ಬೆಳಕು ಮುಂದೆ ಬರಬಹುದಾದ ಕಾಯಿಲೆಯ ಸುಳಿವು ಕೊಡಬಲ್ಲದು ಎಂಬುದೇ ಇಲ್ಲಿನ ಸ್ವಾರಸ್ಯ.

ಕೆಲವು ವಸ್ತುಗಳು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿಕೊಂಡು, ಅದಕ್ಕಿಂತ ಕಡಿಮೆ ಶಕ್ತಿಯ, ಕಾಣುವ ಬೆಳಕನ್ನು ಹೊರಬಿಡುತ್ತವೆ. ಇದೇ ಪ್ರತಿದೀಪ್ತಿ. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಇದನ್ನು ವಿವರಿಸಿದರು. ಯಾವ ಬಣ್ಣವನ್ನೂ ಹಚ್ಚದೆ ಚರ್ಮ ತಾನಾಗಿಯೇ ಹೀಗೆ ಬೆಳಗುವುದರಿಂದ ಅದನ್ನು ಸ್ವಯಂ ಪ್ರತಿದೀಪ್ತಿ ಎನ್ನುತ್ತಾರೆ.

ಹಂಚಿನ ಮೇಲಿನ ರಸಾಯನ

ದೋಸೆ ಹಂಚಿನ ಮೇಲೆ ಕೆಂಪಗಾಗುವುದನ್ನು ನೋಡಿದ್ದೀರಲ್ಲವೆ? ಹಿಟ್ಟಿನ ಸಕ್ಕರೆ ಅಂಶವೂ ಪ್ರೋಟೀನೂ ಬಿಸಿಯಲ್ಲಿ ಬೆರೆತಾಗ ಆ ಬಣ್ಣ, ಆ ಘಮ ಹುಟ್ಟುತ್ತವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ಈ ಕ್ರಿಯೆಯನ್ನು ವರ್ಣಿಸಿದರು. ಇಂಥದೇ ಕ್ರಿಯೆ ನಮ್ಮ ದೇಹದ ಬಿಸಿಯಲ್ಲಿಯೂ ನಡೆಯುತ್ತದೆ. ಆದರೆ ಬಹಳ ನಿಧಾನವಾಗಿ, ವರ್ಷಗಟ್ಟಲೆ. ರಕ್ತದ ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಂಡು, ಹಲವು ಹಂತ ದಾಟಿ, ಬಿಡಿಸಲಾಗದ ಸಂಯುಕ್ತಗಳಾಗುತ್ತವೆ. ಇವುಗಳ ಇಂಗ್ಲಿಷ್ ಹೆಸರು ಅಡ್ವಾನ್ಸ್ಡ್ ಗ್ಲೈಕೇಶನ್ ಎಂಡ್ ಪ್ರಾಡಕ್ಟ್ಸ್. ಮೊದಲಕ್ಷರ ಕೂಡಿಸಿದರೆ 'ಏಜ್', ಅಂದರೆ ವಯಸ್ಸು! ಹೆಸರಿಗೆ ತಕ್ಕಂತೆ ವಯಸ್ಸಾದಂತೆ ಇವು ಹೆಚ್ಚುತ್ತವೆ. ಮಧುಮೇಹ, ಮೂತ್ರಪಿಂಡದ ಕಾಯಿಲೆ, ಧೂಮಪಾನ ಇದ್ದವರಲ್ಲಿ ಇನ್ನೂ ಬೇಗ ಹೆಚ್ಚುತ್ತವೆ. ರಕ್ತನಾಳಗಳನ್ನು ಬಿರುಸಾಗಿಸಿ ಕಣ್ಣು, ಮೂತ್ರಪಿಂಡ, ಹೃದಯಗಳನ್ನು ಕೆಡಿಸುವುದರಲ್ಲಿ ಇವುಗಳ ಪಾಲೂ ಇದೆ.

ನೀರಿನ ಮಟ್ಟ, ತಳದ ಹೂಳು

ಮಕ್ಕಳಿಗೆ ನಾನು ನಮ್ಮೂರಿನ ಸೂಪಾ ಅಣೆಕಟ್ಟನ್ನೇ ಉದಾಹರಣೆ ಕೊಡುತ್ತೇನೆ. ಕಾಳಿ ನದಿಗೆ ಅಡ್ಡಲಾಗಿ 101 ಮೀಟರ್ ಎತ್ತರ ನಿಂತಿರುವ ಈ ಅಣೆಕಟ್ಟಿನ ಹಿಂದೆ ನೀರಿನ ಮಟ್ಟ ಏರುತ್ತದೆ, ಇಳಿಯುತ್ತದೆ. ಬೆರಳು ಚುಚ್ಚಿ ನೋಡುವ ಸಕ್ಕರೆ ಈ ಮಟ್ಟದ ಹಾಗೆ. ಆ ಗಳಿಗೆಯ ಲೆಕ್ಕ. ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಏಕೆಂದರೆ ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಚರ್ಮದ ಕೊಲಾಜೆನ್ ಪ್ರೋಟೀನು ಮಾತ್ರ ಹತ್ತಾರು ವರ್ಷ ಉಳಿಯುತ್ತದೆ. ಅದರಲ್ಲಿ ಕೂಡಿದ್ದು ಜಲಾಶಯದ ತಳದ ಹೂಳಿನಂತೆ, ವರ್ಷಗಳ ಚರಿತ್ರೆ.

ಈ ಸಂಯುಕ್ತಗಳಲ್ಲಿ ಕೆಲವು ಪ್ರತಿದೀಪ್ತಿ ತೋರುತ್ತವೆ. ಅದನ್ನೇ ಬಳಸಿ ನೆದರ್‌ಲೆಂಡ್ಸ್‌ನ ಗ್ರೊನಿಂಗೆನ್ ನಗರದ ಸಂಶೋಧಕರು ಒಂದು ಉಪಕರಣ ರೂಪಿಸಿದರು. ಮುಂಗೈಯ ಒಳಭಾಗವನ್ನು ಅದರ ಮೇಲಿಟ್ಟರೆ ಸುಮಾರು 370 ನ್ಯಾನೊಮೀಟರ್ ತರಂಗಾಂತರದ ಬೆಳಕು ಬೀಳುತ್ತದೆ. ಮರಳಿ ಬರುವ 420ರಿಂದ 600 ನ್ಯಾನೊಮೀಟರ್ ಬೆಳಕನ್ನು ಅದು ಅಳೆಯುತ್ತದೆ. ಸೂಜಿ ಇಲ್ಲ, ರಕ್ತ ಇಲ್ಲ. ಕೆಲವೇ ಸೆಕೆಂಡುಗಳ ಕೆಲಸ. ಮಧುಮೇಹವಾಗಲಿ ಹೃದ್ರೋಗವಾಗಲಿ ಇಲ್ಲದ 70 ಸಾವಿರಕ್ಕೂ ಹೆಚ್ಚು ಡಚ್ಚರನ್ನು ಸುಮಾರು ನಾಲ್ಕು ವರ್ಷ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಚರ್ಮದ ಹೊಳಪು ಹೆಚ್ಚಿದ್ದವರಲ್ಲಿ ಮಧುಮೇಹ, ಹೃದ್ರೋಗ, ಸಾವು ಹೆಚ್ಚಾಗಿ ಕಂಡವು.

ಹಾಗಾದರೆ ನಮ್ಮ ಹಳ್ಳಿಗಳಿಗೂ ಈ ಉಪಕರಣ ತಂದರಾಯಿತಲ್ಲ?

ಅಷ್ಟು ಸುಲಭವಲ್ಲ. ನಮ್ಮ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್, ಬೀಳುವ ಬೆಳಕನ್ನೂ ಮರಳುವ ಬೆಳಕನ್ನೂ ನುಂಗುತ್ತದೆ. ಹೀಗಾಗಿ ಕಪ್ಪು ಚರ್ಮದ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ಬರುವ ಅಪಾಯವಿದೆ. ಮರಳುವ ಬೆಳಕು ತೀರ ಕಡಿಮೆಯಾದರೆ ಉಪಕರಣ ಅಂಕಿಯನ್ನೇ ಕೊಡುವುದಿಲ್ಲ. ಗ್ರೊನಿಂಗೆನ್ನಿನ ಬಿಳಿಯ ಕೈಗೆ ಹೊಂದಿದ ಅಳತೆಗೋಲು ಜೋಯಿಡಾದ ಕುಣಬಿ ರೈತನ, ಹಳಿಯಾಳದ ಸಿದ್ದಿ ಅಕ್ಕನ ಕೈಗೆ ಹಾಗೆಯೇ ಹೊಂದೀತೆಂದು ನಂಬುವಂತಿಲ್ಲ. ಕೈಗೆ ಹಚ್ಚಿದ ಕ್ರೀಮೂ ಅಂಕಿಯನ್ನು ಕೆಡಿಸಬಲ್ಲದು. ಅಲ್ಲದೆ ಇದು ಅಪಾಯದ ಸೂಚಕ ಮಾತ್ರ. ರೋಗ ಇದೆಯೋ ಇಲ್ಲವೋ ಹೇಳಲು ರಕ್ತಪರೀಕ್ಷೆಯೇ ಆಗಬೇಕು.

ಸೂಜಿಯ ಭಯ ನನಗೂ ಇತ್ತು. ಪಾಠ ಹೇಳುವ ನಾನೇ ಪರೀಕ್ಷೆಯನ್ನು ವರ್ಷ ವರ್ಷ ಮುಂದೂಡಿದೆ. 51ನೇ ವಯಸ್ಸಿನಲ್ಲಿ ಕಾಲ್ಬೆರಳಿನ ಸಣ್ಣ ಗಾಯ ಎರಡು ತಿಂಗಳಾದರೂ ಮಾಯದಿದ್ದಾಗ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಬೆರಳು ಉಳಿದದ್ದು ನನ್ನ ಪುಣ್ಯ.

ಒಂದು ಟೇಪು ಸಾಕು

ಸೂಜಿಯಿಲ್ಲದ, ಖರ್ಚಿಲ್ಲದ ಲೆಕ್ಕವೊಂದು ನಮ್ಮ ದೇಶದಲ್ಲೇ ಇದೆ. ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ಅಪಾಯಾಂಕ ಅದು. ವಯಸ್ಸು 35ರಿಂದ 49 ಆದರೆ 20 ಅಂಕ, 50 ದಾಟಿದರೆ 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ 10, ಇನ್ನೂ 10 ಸೆಂ.ಮೀ. ಏರಿದರೆ 20. ಕಸುವಿನ ದುಡಿಮೆಯಿದ್ದರೆ ಸೊನ್ನೆ. ದುಡಿಮೆಯೂ ವ್ಯಾಯಾಮವೂ ಇಲ್ಲದಿದ್ದರೆ 30. ತಂದೆ ತಾಯಿಯರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಹೆಚ್ಚಾದರೆ ಅಪಾಯ ಜಾಸ್ತಿ, ರಕ್ತಪರೀಕ್ಷೆ ತಪ್ಪಿಸಬಾರದು.

ನನ್ನದೇ ಲೆಕ್ಕ ನೋಡಿ. ವಯಸ್ಸಿಗೆ 30, 96 ಸೆಂ.ಮೀ. ಸೊಂಟಕ್ಕೆ 10, ಕುರ್ಚಿಯ ಬದುಕಿಗೆ 30, ತಾಯಿಯ ಕಡೆಯಿಂದ 10. ಒಟ್ಟು 80! ಗಾಯವಾಗುವ ಮೊದಲೇ ಈ ಕೂಡುವ ಲೆಕ್ಕ ಮಾಡಿದ್ದರೆ?

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆಯ ಕಾರ್ಯಕ್ರಮವೂ ಇದೆ.

ಆ ದಿನ ಮಕ್ಕಳಿಗೆ ನಾನು ಕೊಟ್ಟ ಮನೆಗೆಲಸ ಒಂದೇ: ಅಪ್ಪ, ಅಮ್ಮನ ಅಂಕ ಲೆಕ್ಕ ಹಾಕಿ ತನ್ನಿ. ಮರುದಿನ ಆ ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ ಬಂದು, "ಸರ್, ಅಪ್ಪನಿಗೆ 70 ಬಂತು. ಸೋಮವಾರ ದವಾಖಾನೆಗೆ ಹೋಗ್ತಾರಂತೆ" ಎಂದಳು.

ಓದುಗರೇ, ನಿಮ್ಮ ಮನೆಯ ಟೇಪು ಎಲ್ಲಿದೆ?