ಪ್ಲಾಸ್ಟಿಕ್ ವಿಮಾನದ ಹಳೇ ಬಣ್ಣ ತೆಗಿಬೇಕಾ? ಥಿನ್ನರ್ ಮುಟ್ಟಬೇಡಿ, ಮೊದಲು ಇದನ್ನ ಓದಿ

ಅಟ್ಟ ಕ್ಲೀನ್ ಮಾಡುವಾಗ ಹಳೇ ಡಬ್ಬದಲ್ಲಿ ಅಪ್ಪನೋ ಚಿಕ್ಕಪ್ಪನೋ ಕಿಟ್ ತಂದು ಜೋಡಿಸಿದ್ದ ಪ್ಲಾಸ್ಟಿಕ್ ವಿಮಾನ, ಟ್ಯಾಂಕ್, ಹಡಗು ಸಿಗೋದುಂಟು. ಬಣ್ಣ ಕಿತ್ತು ಬಂದಿರುತ್ತೆ. ಹೊಸದಾಗಿ ಬಳಿಯೋಣ ಅಂತ ಹೆಚ್ಚಿನವರು ಮಾಡುವ ಮೊದಲ ಕೆಲಸ, ಹಾರ್ಡ್‌ವೇರ್ ಅಂಗಡಿಯಿಂದ ಥಿನ್ನರ್ ತರೋದು. ಅಲ್ಲಿಗೆ ಮಾಡೆಲ್ ಕಥೆ ಮುಗೀತು. ಬಣ್ಣದ ಜೊತೆ ಪ್ಲಾಸ್ಟಿಕ್ ಕೂಡ ಕರಗುತ್ತೆ.

ಯಾಕೆ ಕರಗುತ್ತೆ?

ಇಂಥ ಕಿಟ್‌ಗಳು ಹೆಚ್ಚಾಗಿ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನವು. ಥರ್ಮಾಕೋಲ್ ಕೂಡ ಅದೇ ಪದಾರ್ಥ, ಗಾಳಿ ತುಂಬಿ ಉಬ್ಬಿಸಿದ್ದು ಅಷ್ಟೆ. ಥರ್ಮಾಕೋಲ್ ಚೂರಿಗೆ ಪೆಟ್ರೋಲ್ ತಾಗಿದ್ರೆ ಅಂಟಿನ ಹಾಗೆ ಕರಗೋದನ್ನ ಹಲವರು ನೋಡಿರ್ತಾರೆ. ಥಿನ್ನರ್, ಪೆಟ್ರೋಲ್, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಮಾಡೆಲ್‌ಗೂ ಅದೇ ಗತಿ ಕಾಣಿಸುತ್ತವೆ.

ಹಳೇ ಬಣ್ಣದ ಮೇಲೇ ಬಳಿದ್ರೆ ಆಗಲ್ವಾ ಅಂತ ಕೇಳಬಹುದು. ಸ್ಪಿಟ್‌ಫೈರ್ ಯುದ್ಧ ವಿಮಾನದ ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್. 1:72 ಅಳತೆಯ ಮಾಡೆಲ್‌ನಲ್ಲಿ ಅದು 15-16 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಅದರ ಮೇಲಿನ ಕೂದಲೆಳೆಯಂಥ ಗೆರೆಗಳು ಎರಡು ಪದರ ಬಣ್ಣಕ್ಕೇ ಮುಚ್ಚಿ ಹೋಗ್ತವೆ.

ಯಾವ ಬಣ್ಣಕ್ಕೆ ಯಾವುದು?

ಮೊದಲು ಹೊಟ್ಟೆ ಭಾಗದಂಥ ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ಹತ್ತಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ತಗೊಂಡು ಉಜ್ಜಿ. ಬಣ್ಣ ಹತ್ತಿಗೆ ಬಂದ್ರೆ ಅದು ಅಕ್ರಿಲಿಕ್ ಇರಬಹುದು. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸೋಕೆ ಬಳಸೋದೂ ಇದನ್ನೇ. ಮಾಡೆಲ್ ಅದ್ದಿಟ್ಟು 15 ನಿಮಿಷಕ್ಕೊಮ್ಮೆ ನೋಡ್ತಾ ಇರಿ. ತುಂಬಾ ಹೊತ್ತು ಬಿಟ್ರೆ ತೆಳ್ಳನೆ ಭಾಗ ಪೆಡಸಾಗಿ ಮುರಿಯಬಹುದು. ಇದು ಬೇಗ ಹೊತ್ತಿಕೊಳ್ಳುತ್ತೆ, ಒಲೆ, ದೀಪ, ಊದಿನಕಡ್ಡಿ ಹತ್ತಿರ ಬೇಡ.

ಹತ್ತಿಗೆ ಬರದಿದ್ರೆ ಎನಾಮೆಲ್ ಇರುವ ಸಾಧ್ಯತೆ ಜಾಸ್ತಿ. ಇದಕ್ಕೆ ಮಾಡೆಲ್ ಹವ್ಯಾಸಿಗಳು ಬಹಳ ಕಾಲದಿಂದ ನೆಚ್ಚಿಕೊಂಡಿರೋದು ಡೆಟಾಲ್, ಅದೇ ಕಂದು ಬಣ್ಣದ ಆಂಟಿಸೆಪ್ಟಿಕ್.

ಡೆಟಾಲ್ ವಿಧಾನ

1. ಪಾರದರ್ಶಕ ಗಾಜಿನಂಥ ಭಾಗ ಬಿಚ್ಚಲು ಬಂದ್ರೆ ಬಿಚ್ಚಿಡಿ. ಅದು ಮಂಕಾಗಬಹುದು, ಬಿರುಕು ಬಿಡಬಹುದು. ಸ್ಟಿಕ್ಕರ್ ಉಳಿಯಲ್ಲ, ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

2. ಮುಚ್ಚಳ ಇರುವ ಡಬ್ಬದಲ್ಲಿ ನೀರು ಸೇರಿಸದ ಡೆಟಾಲ್ ಹಾಕಿ, ಮಾಡೆಲ್ ಮುಳುಗಿಸಿ ರಾತ್ರಿಯಿಡೀ ಬಿಡಿ. ನಡುವೆ ಒಂದೆರಡು ಸಲ ನೋಡಿ.

3. ಗ್ಲೌಸ್ ಹಾಕಿಕೊಂಡು ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ. ಬ್ರಶ್ ಅದ್ದಬೇಕಾದ್ದು ಡೆಟಾಲ್‌ನಲ್ಲೇ, ನೀರಲ್ಲಲ್ಲ. ಎಲ್ಲರೂ ಎಡವೋದು ಇಲ್ಲೇ. ಸಡಿಲಾದ ಬಣ್ಣಕ್ಕೆ ನೀರು ಸೇರಿದ್ರೆ ಗೋಂದಿನಂತಾಗಿ ಗೆರೆಗಳ ಒಳಗೆ ಕೂರುತ್ತೆ.

4. ಬಣ್ಣವೆಲ್ಲ ಹೋದ ಮೇಲೆ ಬಟ್ಟೆಯಿಂದ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಕುದಿಯುವ ನೀರು ಹಾಕಿದ್ರೆ ರೆಕ್ಕೆ ಸೊಟ್ಟ ಆಗುತ್ತೆ. ಒಂದು ದಿನ ನೆರಳಲ್ಲಿ ಒಣಗಿಸಿ, ಪ್ರೈಮರ್ ಹೊಡೆದು ಹೊಸ ಬಣ್ಣ ಶುರು ಮಾಡಿ.

ಮನೇಲಿ ಬೆಕ್ಕಿದ್ರೆ ಡಬ್ಬ ಅದರ ಕೈಗೆ ಸಿಗದ ಹಾಗೆ ಇಡಿ. ಡೆಟಾಲ್ ಬೆಕ್ಕಿಗೆ ವಿಷ.

ಬ್ರೇಕ್ ಆಯಿಲ್ ಹಾಕಬಹುದಾ?

ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಕೂಡ ಬಣ್ಣ ಎಬ್ಬಿಸುತ್ತೆ. ಆದ್ರೆ ಚರ್ಮಕ್ಕೆ ಒಳ್ಳೇದಲ್ಲ, ಕೆಲವು ಪ್ಲಾಸ್ಟಿಕ್ ಪೆಡಸಾಗುತ್ತೆ, ಬಳಸಿದ ಮೇಲೆ ಚರಂಡಿಗೆ ಸುರಿಯೋ ಹಾಗಿಲ್ಲ. ಡೆಟಾಲ್‌ನಲ್ಲಿ ಆಗೋ ಕೆಲಸಕ್ಕೆ ಇದು ಬೇಕಿಲ್ಲ.

ಮರಳು ಕಾಗದದಿಂದ ಒಣ ಬಣ್ಣ ಉಜ್ಜೋದಂತೂ ಬೇಡವೇ ಬೇಡ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಹಳೇ ಡಬ್ಬದ ಬಣ್ಣದಲ್ಲಿ ಎಷ್ಟಿತ್ತೋ ಹೇಳೋಕಾಗಲ್ಲ. ಆ ಧೂಳು ಮಕ್ಕಳ ಮೂಗಿಗೆ ಹೋಗೋದು ಬೇಡ.

ಅಂಗಡಿಯವರ ಗಮನಕ್ಕೆ

"ಬಣ್ಣ ತೆಗಿಯೋಕೆ ಏನಾದ್ರೂ ಕೊಡಿ" ಅಂತ ಗಿರಾಕಿ ಬಂದ್ರೆ, ಯಾವ ವಸ್ತುವಿನ ಬಣ್ಣ ಅಂತ ಒಂದು ಮಾತು ಕೇಳಿ. ಕಬ್ಬಿಣದ ಗೇಟಿಗೆ ಥಿನ್ನರ್ ಸರಿ, ಪ್ಲಾಸ್ಟಿಕ್ ಮಾಡೆಲ್‌ಗೆ ಅಲ್ಲ. ಶಾಲೆ ಹುಡುಗರು ಥಿನ್ನರ್, ಕಾಸ್ಟಿಕ್ ಸೋಡಾ ಕೇಳಿದ್ರೆ ಕೊಡದೆ, ಮನೆಯ ದೊಡ್ಡವರನ್ನ ಕರ್ಕೊಂಡು ಬನ್ನಿ ಅನ್ನಿ. ಬ್ಲೀಚ್, ಟಾಯ್ಲೆಟ್ ಕ್ಲೀನರ್ ಎರಡನ್ನೂ ಒಟ್ಟಿಗೆ ಒಯ್ಯುವವರಿಗೆ ಬೆರೆಸಬೇಡಿ ಅಂತ ತಪ್ಪದೆ ಹೇಳಿ. ಎರಡೂ ಸೇರಿದ್ರೆ ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಅದು ಜೀವಕ್ಕೇ ಅಪಾಯ.