ಹಿರಿಯೂರು ಸೀಮೆಯ ನೆಲ, ಜನ ಮತ್ತು ನೀರು

ಚಿತ್ರದುರ್ಗವೆಂದೊಡನೆ ನಮ್ಮ ಮನಸ್ಸು ಕೋಟೆಯ ಕಡೆಗೆ ಹರಿಯುವುದು ಸಹಜ. ಆದರೆ ಆ ಜಿಲ್ಲೆಯ ಜನಜೀವನವನ್ನು ಅರಿಯಲೆಳಸುವವರು ದುರ್ಗದಿಂದ ಬೆಂಗಳೂರಿನ ಹೆದ್ದಾರಿಯನ್ನು ಹಿಡಿದು, ಸುಮಾರು 25 ಮೈಲಿ ಸಾಗಿ, ಹಿರಿಯೂರಿನಲ್ಲಿ ಇಳಿಯುವುದು ಲೇಸು.

ಈ ಸೀಮೆಯು ಮಳೆಯ ನೆರಳಿಗೆ ಸಿಕ್ಕಿದ ಬಯಲು. ವರ್ಷಕ್ಕೆ 25 ಅಂಗುಲ ಮಳೆ ಬೀಳುವುದೂ ದುರ್ಲಭ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ, ಅವತಿ ಎಂಬೆರಡು ಹೊಳೆಗಳು ಕೂಡಿ ವೇದಾವತಿಯಾಗಿ ಹಿರಿಯೂರಿನ ಮಗ್ಗುಲಲ್ಲಿ ಹಾಯ್ದು, ಮುಂದೆ ಹಗರಿಯೆಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತವೆ. ಆದುದರಿಂದ ಇಲ್ಲಿನ ತೋಟಗಾರನು ತನ್ನೂರಿನ ಮೋಡಕ್ಕಿಂತ ಚಿಕ್ಕಮಗಳೂರಿನ ಮೋಡವನ್ನೇ ಹೆಚ್ಚಾಗಿ ನಂಬಿರುವನು.

ಈ ನದಿಯು ಬೆಟ್ಟಗಳ ನಡುವೆ ನುಸುಳುವ ಇಕ್ಕಟ್ಟಿನ ಎಡೆಗೆ, ಅಲ್ಲಿರುವ ಮಾರಮ್ಮನಿಂದಾಗಿ, ಮಾರಿಕಣಿವೆಯೆಂದು ಹೆಸರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳಾಗಿದ್ದಾಗ, 1898ರಲ್ಲಿ, ಮೈಸೂರು ಸಂಸ್ಥಾನವು ಇಲ್ಲಿ ಕಲ್ಲಿನ ಕಟ್ಟೆಯನ್ನು ಕಟ್ಟಲಾರಂಭಿಸಿ 1907ರಲ್ಲಿ ಮುಗಿಸಿತು. ಅದರಲ್ಲಿ ಸುಮಾರು 3,000 ಕೋಟಿ ಘನ ಅಡಿ ನೀರು ಹಿಡಿಯುತ್ತದೆ. ಪಾತ್ರೆಯೇನೋ ದೊಡ್ಡದೇ; ತುಂಬುವುದು ಮಾತ್ರ ಅಪರೂಪ! 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 89 ವರ್ಷಗಳು ಹಿಡಿದುವು. ಈ ನಡುವೆ, 2017ರ ಸುಮಾರಿಗೆ, ನೀರು ತಳ ಸೇರಿ ಅಚ್ಚುಕಟ್ಟಿನ ತೆಂಗಿನ ಮರಗಳು ಸುಳಿ ಒಣಗಿ ನಿಂತುವು. ತೆಂಗು ಒಂದು ವರ್ಷದ ಪೈರಲ್ಲ. ಸತ್ತ ತೋಟದ ಜೊತೆಗೆ ಒಂದು ತಲೆಮಾರಿನ ದುಡಿಮೆಯೂ ಹೋಯಿತೆನ್ನಬೇಕು.

ಜನಸಂಖ್ಯೆಯನ್ನು ಕುರಿತು ಎರಡು ಮಾತು. 2011ರ ಗಣತಿಯಂತೆ ಇಡೀ ಜಿಲ್ಲೆಯಲ್ಲಿ 16,59,456 ಮಂದಿ. ಚದರ ಕಿಲೋಮೀಟರಿಗೆ 197. ಐವರಲ್ಲಿ ನಾಲ್ವರು ಹಳ್ಳಿಗಳಲ್ಲಿಯೇ ವಾಸಿಸುವವರು. ಹಿರಿಯೂರು ಪಟ್ಟಣಕ್ಕೆ ತೇರುಮಲ್ಲೇಶ್ವರನ ದೇಗುಲವೂ ಅವನ ರಥೋತ್ಸವವೂ ಹೆಮ್ಮೆ. ಆದರೆ ನನ್ನ ಎಣಿಕೆಯಲ್ಲಿ ಈ ನಾಡಿನ ನಿಜವಾದ ಭಂಡಾರವಿರುವುದು ಕಾಡುಗೊಲ್ಲರ ಹಟ್ಟಿಗಳಲ್ಲಿ. ಕುರಿ ದನಗಳನ್ನು ಸಾಕಿ ಬಾಳಿದ ಈ ಜನರು ಜುಂಜಪ್ಪನೆಂಬ ವೀರನ ಕಥೆಯನ್ನು, ಗಣೆಯೆಂಬ ನೀಳವಾದ ಬಿದಿರಿನ ಕೊಳಲಿನೊಡನೆ, ಇರುಳೆಲ್ಲ ಹಾಡಬಲ್ಲರು. ಮುಟ್ಟಾದ ಹೆಂಗಸನ್ನೂ ಹಸುಗೂಸಿನ ಬಾಣಂತಿಯನ್ನೂ ಹಟ್ಟಿಯ ಹೊರಗಿರಿಸುವ ಪದ್ಧತಿಯೂ ಇವರಲ್ಲಿ ಬೇರುಬಿಟ್ಟುದೇ. ಹಾಡನ್ನು ಕೊಂಡಾಡುವ ನಾವು ಆ ತಾಯಿಯ ಚಳಿಯನ್ನು ಮರೆಯುವಂತಿಲ್ಲ.

ಇನ್ನು ನೀರಿನ ಮಾತು. ಭದ್ರೆಯ ನೀರನ್ನು ಮೇಲಕ್ಕೆತ್ತಿ ವೇದಾವತಿಗೆ ಹಾಯಿಸುವ ಭದ್ರಾ ಮೇಲ್ದಂಡೆ ಯೋಜನೆಯಿಂದ ಈಚೆಗೆ ಮಾರಿಕಣಿವೆಯ ರೀತಿಯೇ ಬದಲಾಗುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ಭಾರಿ ಮಳೆಯೂ ಕೂಡಿ ಜಲಾಶಯವು ತುಂಬಿ ಹರಿಯಿತು. ಜನರು ಬಾಗಿನ ಹಿಡಿದು ನೆರೆದರು. 2025ರ ಜನವರಿಯಲ್ಲಿ, ಮಾಗಿಯ ನಟ್ಟನಡುವೆ, ಮತ್ತೊಮ್ಮೆ ಕೋಡಿ ಬಿದ್ದಿತು. ಕಟ್ಟೆಯ ಕೆಳಗಿನ ಹಿರಿಯೂರಿನವರಿಗೆ ಇದು ಹಬ್ಬ. ಮೇಲ್ಗಡೆ ಹೊಸದುರ್ಗದ ಸೀಮೆಯಲ್ಲಿಯಾದರೋ, ತಲೆಮಾರುಗಳಿಂದ ನೀರು ಕಾಣದ ಅಂಚಿನ ಹೊಲತೋಟಗಳಿಗೆ ಹಿನ್ನೀರು ಏರಿ ಬರುತ್ತದೆ. ಕೋಡಿಯ ಮಟ್ಟ ಎಷ್ಟಿರಬೇಕೆಂಬುದು ಅಲ್ಲಿನ ರೈತರಿಗೆ ಬೇರೆಯೇ ಲೆಕ್ಕ.