ಹಿರೀಕರನ್ನು ಜಗಲಿಗೆ ಕಟ್ಟಿಹಾಕಬೇಡಿ

ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ಬೆದ್ದಲು ಸೀಮೆಯ ವಯಸ್ಸಾದವರಿಗೆ ಹೊಲದ ಓಡಾಟ ತಪ್ಪಿದೆ. "ದುಡಿದಿದ್ದು ಸಾಕು, ಕೂತ್ಕೊಳ್ಳಪ್ಪ" ಅಂತೀವಿ. ಕೂತಲ್ಲೇ ಕೂತವರಿಗೆ ಮಂಡಿ ಹಿಡಿಯೋದಷ್ಟೇ ಅಲ್ಲ, ಮನಸ್ಸಿಗೂ ಮಂಕು ಕವಿಯುತ್ತೆ.

2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 120 ಹಿರಿಯರಿದ್ದರು. ಅರ್ಧದಷ್ಟು ಮಂದಿ ಒಂದು ವರ್ಷ, ವಾರಕ್ಕೆ 3 ದಿನ, 40 ನಿಮಿಷದವರೆಗೆ ನಡೆದರು. ನೆನಪಿಗೆ ಬೇಕಾದ ಮಿದುಳಿನ ಭಾಗ ಅವರಲ್ಲಿ ಸುಮಾರು ಶೇ. 2ರಷ್ಟು ಬೆಳೆದಿತ್ತು. ಬರೀ ಕೈಕಾಲು ಚಾಚುವಂಥ ಕಸರತ್ತು ಮಾಡಿದವರಲ್ಲಿ ಕುಗ್ಗಿತ್ತು. 65 ದಾಟಿದವರಿಗೆ ವಾರಕ್ಕೆ 150 ನಿಮಿಷವಾದರೂ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಂದ್ರೆ ವಾರದಲ್ಲಿ 5 ದಿನ, ಅರ್ಧರ್ಧ ಗಂಟೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟು ಬಿರುಸು ಸಾಕು.

ಇದಕ್ಕೆ ಖರ್ಚಿಲ್ಲ. ಬಿಸಿಲೇರೋ ಮುಂಚೆ ಹೊಲ ಸುತ್ತಿ ಬರಲಿ. ಬೀಳೋ ಭಯ ಇದ್ದವರಿಗೆ ಬದು ಬೇಡ, ಬಂಡಿದಾರಿ ಸಾಕು, ಮೊಮ್ಮಕ್ಕಳು ಜೊತೆಗಿರಲಿ. ಎದೆನೋವು, ಏದುಸಿರು ಇದ್ದವರು ಡಾಕ್ಟರನ್ನು ಕೇಳಿ ಶುರು ಮಾಡಲಿ.

ನಮ್ಮವ್ವನಿಗೆ 78. ದಿನಾ ಮೇಕೆ ಹಿಂದೆ ಹೊಲಕ್ಕೆ ಹೋಗ್ತಾಳೆ. ರಾಗಿಯಲ್ಲಿ ಎಷ್ಟು ಸಾಲಿಗೊಂದು ಅಕ್ಕಡಿ, ಯಾವ ಮಳೆಗೆ ಹುಚ್ಚೆಳ್ಳು ಅಂತ ನಾನು ಇವತ್ತಿಗೂ ಕೇಳೋದು ಅವಳನ್ನೇ. ಇಂಥ ನೆನಪು ಮಾಸಿದರೆ ನಷ್ಟ ಮುದುಕರಿಗಷ್ಟೇ ಅಲ್ಲ, ಹೊಲಕ್ಕೂ.